ಬಜೆ ತೇದ ಬಾಯಿ

ಬಾಯಿ ಮುಚ್ಚದೆ ಹರಟುವ ಹುಡುಗನನ್ನು ಕಂಡರೆ ‘ಇವನಿಗೆ ಬಜೆ ಒಂದು ಸುತ್ತು ಜಾಸ್ತಿಯೇ ತೇದಿದ್ದಾರೆ’ ಎಂದು ಛೇಡಿಸುವುದುಂಟು. ತೆಲುಗಿನವರು ಅಂಥವರಿಗೆ ‘ವಸಪಿಟ್ಟ’ ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ವಸ ಎಂದರೆ ಬಜೆ, ಪಿಟ್ಟ ಎಂದರೆ ಹಕ್ಕಿ. ತಮಿಳರ ‘ವಸಂಬು’ವಿಗೆ ‘ಪಿಳ್ಳೈ ವಳರ್ಪ್ಪಾನ್’ ಎಂಬ ಅಡ್ಡಹೆಸರಿದೆ: ಮಗುವನ್ನು ಬೆಳೆಸುವವನು! ಮನೆಯ ಹಿರಿಯನಿಗೆ ಸಲ್ಲಬೇಕಾದ ಬಿರುದು ಕೆಸರಲ್ಲಿ ಬೆಳೆಯುವ ಒಂದು ಗಿಡಕ್ಕೆ ಸಂದಿದೆ.

ಸಂಸ್ಕೃತದ ‘ವಚಾ’ ನಮ್ಮಲ್ಲಿ ಬಜೆಯಾಯಿತು. ವಸತಿ ಬಸದಿಯಾದಾಗ ವಕಾರ ಬಕಾರವಾಯಿತಲ್ಲ, ಸೂಚಿ ಸೂಜಿಯಾದಾಗ ಚಕಾರ ಜಕಾರವಾಯಿತಲ್ಲ, ಇಲ್ಲಿ ಎರಡೂ ಒಟ್ಟಿಗೇ ಆಗಿವೆ. ವಚಾ ಎಂಬುದರ ಹಿಂದೆ ಮಾತಾಡು ಎಂಬ ಧಾತುವನ್ನು ಕಾಣುವುದು ವಾಡಿಕೆ. ಮಗುವಿನ ನಾಲಿಗೆ ತಿರುಗಲಿ ಎಂದು ಬಜೆ ನೆಕ್ಕಿಸುವವರು ಬೇರಿಗಿಂತ ಹೆಚ್ಚಾಗಿ ಈ ಹೆಸರನ್ನೇ ನಂಬಿದ್ದಾರೆ ಎಂದು ನನ್ನ ಗುಮಾನಿ. ಸಂಸ್ಕೃತದಲ್ಲೇ ಅದಕ್ಕೆ ‘ಉಗ್ರಗಂಧಾ’ ಎಂಬ ಇನ್ನೊಂದು ಹೆಸರಿದೆ. ಅದನ್ನು ಕೇಳಿದ್ದರೆ ಕೈ ತುಸು ತಡೆಯುತ್ತಿತ್ತೇನೋ.

ಕೊರಟಗೆರೆ ಕಡೆಯ ನೀರಿನ ಗದ್ದೆಗಳಲ್ಲಿ ಇದನ್ನು ಬೆಳೆಯುತ್ತಾರೆ. ಬೇರು ಎನ್ನುತ್ತೇವೆ, ಅದು ನಿಜಕ್ಕೂ ನೆಲದೊಳಗೆ ಹರಿದ ಕಾಂಡ. ದೀಪದ ಉರಿಗೆ ಹಿಡಿದು ಸುಟ್ಟು, ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲೋ ಜೇನಿನಲ್ಲೋ ತೇದು, ಹೊಟ್ಟೆಯುಬ್ಬರಕ್ಕೆ, ಶೀತಕ್ಕೆ ನಾಲಿಗೆಗೆ ಸವರುವುದು ರೂಢಿ. ಅಳತೆ ‘ಸುತ್ತು’. ಬಜೆ ಒಂದು ಸುತ್ತು, ಜಾಯಿಕಾಯಿ ಎರಡು ಸುತ್ತು, ಹೀಗೆ. ಯಾರ ಕೈಯ ಸುತ್ತು? ಒತ್ತಿ ತೇದದ್ದೋ, ಸುಮ್ಮನೆ ತಾಗಿಸಿದ್ದೋ? ತೇಯುವ ಅಜ್ಜಿಗೆ ಕೈ ಗೊತ್ತಿತ್ತು. ಈಗ ಬಜೆ ಪುಡಿ ಡಬ್ಬಿಯಲ್ಲಿ ಬರುತ್ತದೆ. ಸುತ್ತು ಹೋಗಿ ಚಮಚ ಬಂದಿದೆ. ನನಗೆ ದಿಗಿಲು ಹುಟ್ಟಿಸುವುದು ಈ ಚಮಚ.

ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶವಿದೆ. ಉತ್ತರ ಅಮೆರಿಕದ ಮೂಲ ತಳಿಯಲ್ಲಿ ಅದು ಇಲ್ಲ, ಭಾರತದ ಬಜೆಯಲ್ಲಿ ಹೇರಳ. ಈ ಎಣ್ಣೆ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಂಡದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಇಲಿಗೆ ಕೊಟ್ಟಷ್ಟನ್ನು ಯಾವ ಅಜ್ಜಿಯೂ ಮಗುವಿಗೆ ಕೊಡುವುದಿಲ್ಲ, ಒಪ್ಪೋಣ. ಆದರೆ ಆಯುರ್ವೇದವೂ ಬಜೆಯನ್ನು ಶೋಧನೆ ಮಾಡಿಯೇ ಬಳಸಬೇಕೆನ್ನುತ್ತದೆ. ವಾಂತಿ ಮಾಡಿಸುವ ಮದ್ದುಗಳಲ್ಲಿ ಅದನ್ನು ಸೇರಿಸುತ್ತದೆ. ಓಲೆಗರಿಗೆ, ಕಾಳಿಗೆ ಹುಳ ಹಿಡಿಯದಂತೆ ಕಾಯುವುದೂ ಇದೇ ಬಜೆ. ಹುಳಕ್ಕೆ ಒಗ್ಗದ ಆ ಎಣ್ಣೆಯೇ ಕೂಸಿನ ನಾಲಿಗೆಗೂ ಹೋಗುವುದು.

ತೇಯುವ ದ್ರವದ ಮಾತು ಬೇರೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುತ್ತವೆ. ಆರು ತಿಂಗಳವರೆಗೆ ಎದೆಹಾಲು ಸಾಕು, ತೇದದ್ದೇನೂ ಬೇಡ. ಮುಂಗೈಗೆ ಕಟ್ಟುವ ಬಜೆ ಮಣಿಯ ಬಳೆಯೂ ಕೊನೆಗೆ ಸೇರುವುದು ಬಾಯಿಗೇ. ದಾರ ಹರಿದರೆ ಗಂಟಲಿಗೆ.

ಇಷ್ಟಾಗಿಯೂ ಬಜೆಯ ಮೇಲೆ ನನ್ನ ದೊಡ್ಡ ತಕರಾರು ವಿಷದ್ದಲ್ಲ. ಮಾತು ತಡವಾದ ಮಗುವಿಗೆ ‘ಇನ್ನೊಂದಿಷ್ಟು ಬಜೆ ನೆಕ್ಕಿಸಿ, ಬರುತ್ತದೆ’ ಎನ್ನುತ್ತಾ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ಅಷ್ಟು ದಿನವೂ ತೊಂದರೆ ಕಿವಿಯಲ್ಲಿದ್ದಿರಬಹುದು. ಕೇಳದ ಮಗು ಆಡುವುದಾದರೂ ಹೇಗೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರಿನಲ್ಲೇ ವಾಕ್ಕಿನ ಪಕ್ಕ ಶ್ರವಣವಿದೆ. ಹುಟ್ಟಿದ ಕೂಸಿನ ಕಿವಿಯನ್ನೂ ಪರೀಕ್ಷಿಸುವ ಉಪಕರಣಗಳು ಈಗಿವೆ. ಒಂದೂವರೆ ವರ್ಷವಾದರೂ ಮಗು ಒಂದು ಪದವನ್ನೂ ಆಡಿಲ್ಲವೆಂದರೆ, ದಯವಿಟ್ಟು ಮೊದಲು ಅದರ ಕಿವಿ ತೋರಿಸಿ.