ಒಂದು ಇಂಚು ದೂರ, ಎಷ್ಟು ಬಣ್ಣ?

ಇವತ್ತು ಒಂದು ಒಗಟಿನ ಚರಿತ್ರೆ ಹೇಳ್ತೀನಿ.

ಕೊನೆಯೇ ಇಲ್ಲದ ಒಂದು ಹಾಳೆ ಇದೆ ಅಂದ್ಕೊಳ್ಳಿ. ಅದರ ಪ್ರತಿಯೊಂದು ಬಿಂದುವಿಗೂ ಬಣ್ಣ ಹಚ್ಚಬೇಕು. ಷರತ್ತು ಒಂದೇ: ಸರಿಯಾಗಿ ಒಂದು ಇಂಚು ದೂರ ಇರೋ ಯಾವ ಎರಡು ಬಿಂದುಗಳಿಗೂ ಒಂದೇ ಬಣ್ಣ ಬರಬಾರದು. ಕನಿಷ್ಠ ಎಷ್ಟು ಬಣ್ಣ ಬೇಕು?

1950ರಲ್ಲಿ ಎಡ್ವರ್ಡ್ ನೆಲ್ಸನ್ ಎಂಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಇದು. ಮೂರು ಸಾಲದು, ಏಳು ಸಾಕು ಅಂತ ಬೇಗನೆ ಗೊತ್ತಾಯ್ತು. ಆಮೇಲೆ 68 ವರ್ಷ ಲೆಕ್ಕ ಅಲ್ಲೇ ನಿಂತಿತು.

2018ರಲ್ಲಿ ಆಬ್ರೆ ಡಿ ಗ್ರೇ ನಾಲ್ಕೂ ಸಾಲದು ಅಂತ ತೋರಿಸಿದರು. ಅವರ ಕೆಲಸ ಮುಪ್ಪಿನ ಬಗ್ಗೆ ಸಂಶೋಧನೆ. ಗಣಿತ ಬರೀ ಹವ್ಯಾಸ. 1,581 ಬಿಂದುಗಳ ಜಾಲ ಕಟ್ಟಿ, ಅದಕ್ಕೆ ನಾಲ್ಕು ಬಣ್ಣ ಸಾಲಲ್ಲ ಅಂತ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿದರು.

ನನಗೆ ಹೆಚ್ಚು ಇಷ್ಟ ಆಮೇಲಿನ ಕಥೆ. ಅಷ್ಟು ಬಿಂದುಗಳಿದ್ರೆ ಕಂಪ್ಯೂಟರ್ ಹೇಳಿದ್ದನ್ನ ನಂಬಬೇಕಷ್ಟೇ, 'ಯಾಕೆ' ಅನ್ನೋದು ನಮಗೆ ಕಾಣಲ್ಲ. ಹಾಗಾಗಿ 'ಪಾಲಿಮಾತ್' ಎಂಬ ಆನ್‌ಲೈನ್ ಯೋಜನೆಯಲ್ಲಿ ಗಣಿತಜ್ಞರು, ಹವ್ಯಾಸಿಗಳು ಒಟ್ಟಿಗೆ ಕೂತು ಜಾಲವನ್ನ ಚಿಕ್ಕದು ಮಾಡೋಕೆ ಹೊರಟರು. ಕಂಪ್ಯೂಟರ್ ವಿಜ್ಞಾನಿ ಮರೈನ್ ಹ್ಯೂಲೆ ಅದೇ ವರ್ಷ 553ಕ್ಕೆ ಇಳಿಸಿದರು. ಮುಂದೆ ಅದು 509ಕ್ಕೆ ಬಂತು. ಇದರಿಂದ ಯಾರಿಗೂ ದುಡ್ಡು ಬರೋದಿರಲಿಲ್ಲ. ಬಿಡಿಸೋ ಖುಷಿ ಇತ್ತು, ಅಷ್ಟೇ.

ಉತ್ತರ ಐದೋ, ಆರೋ, ಏಳೋ? ಇನ್ನೂ ಯಾರಿಗೂ ಗೊತ್ತಿಲ್ಲ. ನೀವೂ ಶುರು ಮಾಡಬಹುದು: ಮೂರು ಬಣ್ಣ ಸಾಲಲ್ಲ ಅಂತ ತೋರಿಸೋಕೆ ಏಳೇ ಬಿಂದು, ಹನ್ನೊಂದು ಗೆರೆ ಸಾಕು. ಫೋನ್ ಪಕ್ಕಕ್ಕಿಟ್ಟು ಒಂದು ಪೆನ್ಸಿಲ್ ತಗೊಳ್ಳಿ.