ಎಲೆಕ್ಟ್ರಾನಿಕ್ ಶಟರ್: ಓಡುವ ಬಸ್ಸು ಚಿತ್ರದಲ್ಲಿ ವಾಲುವುದೇಕೆ?

ಕ್ಯಾಮೆರಾದ ಸೆನ್ಸರ್ ಎಷ್ಟು ಹೊತ್ತು ಬೆಳಕನ್ನು ಗ್ರಹಿಸಬೇಕೆಂಬುದನ್ನು ನಿಯಂತ್ರಿಸುವ ವ್ಯವಸ್ಥೆಯೇ ಶಟರ್. ಯಾಂತ್ರಿಕ ಶಟರ್‌ನಲ್ಲಿ ಎರಡು ಪರದೆಗಳು ಒಂದರ ಹಿಂದೊಂದು ಸರಿದು ಈ ಕೆಲಸ ಮಾಡುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಲಿಸುವ ಭಾಗಗಳೇ ಇಲ್ಲ. ಪಿಕ್ಸೆಲ್‌ಗಳಲ್ಲಿರುವ ಹಳೆಯ ವಿದ್ಯುದಾವೇಶವನ್ನು ಬರಿದುಮಾಡಿದಾಗ ಬೆಳಕಿನ ಗ್ರಹಣ ಆರಂಭವಾಗುತ್ತದೆ. ಹೊಸದಾಗಿ ಸಂಗ್ರಹವಾದ ಆವೇಶವನ್ನು ಓದಿಕೊಂಡಾಗ ಮುಗಿಯುತ್ತದೆ. ಸಾಮಾನ್ಯ ಮೊಬೈಲ್ ಕ್ಯಾಮೆರಾಗಳದ್ದೂ ಇದೇ ವಿಧಾನ.

ರೋಲಿಂಗ್ ಶಟರ್: ಇಂದಿನ ಬಹುಪಾಲು ಸಿಎಂಒಎಸ್ ಸೆನ್ಸರ್‌ಗಳು ಎಲ್ಲ ಪಿಕ್ಸೆಲ್‌ಗಳನ್ನೂ ಒಮ್ಮೆಲೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತವೆ. ಶಟರ್ ವೇಗ 1/8000 ಸೆಕೆಂಡ್ ಎಂದಿದ್ದರೂ ಅದು ಪ್ರತಿ ಸಾಲಿಗೆ ಸಲ್ಲುವ ಅವಧಿ ಮಾತ್ರ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ತಲುಪಲು 1/20 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. ಗಂಟೆಗೆ 72 ಕಿ.ಮೀ. ವೇಗದ ಬಸ್ಸು ಅಷ್ಟರಲ್ಲಿ 1 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದಲೇ ಅದು ಚಿತ್ರದಲ್ಲಿ ವಾಲಿದಂತೆ ಕಾಣುತ್ತದೆ. ವಿಮಾನದ ಪ್ರೊಪೆಲರ್ ಬಾಗಿದಂತೆ ತೋರುತ್ತದೆ.

ದೀಪಗಳ ಬೆಳಕಿನಲ್ಲಿ ಮತ್ತೊಂದು ತೊಡಕಿದೆ. ಭಾರತದ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟ್ ಮತ್ತು ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಮೇಲಿನ ಕ್ಯಾಮೆರಾದಲ್ಲಿ ಅತಿ ವೇಗದ ಶಟರ್ ಬಳಸಿದರೆ ಚಿತ್ರದಲ್ಲಿ ಸುಮಾರು 5 ಕಪ್ಪು ಪಟ್ಟಿಗಳು ಮೂಡಬಹುದು. ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಿದರೆ ಪ್ರತಿ ಸಾಲಿಗೂ ಮಿನುಗಿನ ಪೂರ್ಣ ಆವರ್ತ ದೊರೆತು ಪಟ್ಟಿಗಳು ಮಾಯವಾಗುತ್ತವೆ.

ಗ್ಲೋಬಲ್ ಶಟರ್: ಇಲ್ಲಿ ಎಲ್ಲ ಪಿಕ್ಸೆಲ್‌ಗಳೂ ಏಕಕಾಲದಲ್ಲಿ ಬೆಳಕನ್ನು ಗ್ರಹಿಸಿ, ಏಕಕಾಲದಲ್ಲೇ ನಿಲ್ಲಿಸುತ್ತವೆ. ಆವೇಶವು ಬೆಳಕು ತಾಗದ ಸಂಗ್ರಹ ಭಾಗಕ್ಕೆ ವರ್ಗವಾಗಿ, ಬಳಿಕ ಸಾಲು ಸಾಲಾಗಿ ಓದಲ್ಪಡುತ್ತದೆ. ಆಕೃತಿ ವಿರೂಪಗೊಳ್ಳದು. ಆದರೆ ಸಂಗ್ರಹ ಭಾಗವು ಪಿಕ್ಸೆಲ್‌ನ ಸ್ವಲ್ಪ ಜಾಗವನ್ನು ಆಕ್ರಮಿಸುವುದರಿಂದ ಬೆಳಕಿನ ಗ್ರಹಣ ಸಾಮರ್ಥ್ಯ ಕುಗ್ಗುತ್ತದೆ. 2023ರ ನವೆಂಬರ್‌ನಲ್ಲಿ ಸೋನಿ ಪ್ರಕಟಿಸಿದ ಆಲ್ಫಾ 9-III, ಈ ವಿಧಾನವನ್ನು ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ತಂದಿತು. ಇದರ ಗರಿಷ್ಠ ಶಟರ್ ವೇಗ 1/80,000 ಸೆಕೆಂಡ್; ಕನಿಷ್ಠ ಮೂಲ ಐಎಸ್‌ಒ ಮಾತ್ರ 250.

ಯಾವುದನ್ನು ಯಾವಾಗ ಬಳಸಬೇಕು? ಸದ್ದು ಸಲ್ಲದ ಸಂಗೀತ ಕಛೇರಿಯಲ್ಲಿ, ನಿಶ್ಚಲ ದೃಶ್ಯಗಳಲ್ಲಿ ರೋಲಿಂಗ್ ಶಟರ್ ಸಾಕು. ಕ್ರಿಕೆಟ್ ಬ್ಯಾಟಿನ ಬೀಸು ಅಥವಾ ಫ್ಲ್ಯಾಶ್ ಬೆಳಕಿನ ಚಿತ್ರಕ್ಕೆ, ಸೆನ್ಸರ್ ನಿಧಾನವಾಗಿ ಓದುವಂಥದ್ದಾದರೆ, ಯಾಂತ್ರಿಕ ಶಟರ್ ಲೇಸು. ಅಪಘಾತದಂತಹ ಘಟನೆಗೆ ಛಾಯಾಚಿತ್ರವನ್ನೇ ಸಾಕ್ಷಿಯಾಗಿ ಪರಿಗಣಿಸುವಾಗ ಒಂದು ಅಂಶ ನೆನಪಿರಬೇಕು: ರೋಲಿಂಗ್ ಶಟರ್‌ನ ಚಿತ್ರ ಒಂದೇ ಕ್ಷಣದ್ದಲ್ಲ. ಅದರ ಮೇಲಂಚು ಮತ್ತು ಕೆಳಂಚು ಬೇರೆ ಬೇರೆ ಕ್ಷಣಗಳಿಗೆ ಸೇರಿರುತ್ತವೆ.