ತಂಡ ಒಡೆದ ಮೇಲೆ ಹಾಡು ಯಾರದು?

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಕೂಡಿದ್ದ ಶರಣರು ಒಬ್ಬೊಬ್ಬರೂ ತಮ್ಮದೇ ಅಂಕಿತದಲ್ಲಿ ವಚನ ನುಡಿದರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ. ಬಿಜ್ಜಳನ ಕಾಲದ ಕ್ಷೋಭೆಯಲ್ಲಿ ಕೂಟ ಚದುರಿತು. ಆದರೂ ಯಾವ ವಚನ ಯಾರದೆಂದು ಅಂಕಿತವೇ ಹೇಳುತ್ತದೆ. ಪಕ್ಕದ ಹುಮನಾಬಾದಿನ ಮಾಣಿಕಪ್ರಭುಗಳೂ (1817–1865) ತಮ್ಮ ಪದಗಳಲ್ಲಿ 'ಮಾಣಿಕ' ಎಂಬ ಅಂಕಿತ ಬಳಸಿದರು.

ರಾಕ್ ಸಂಗೀತದಲ್ಲಿ ತಂಡದ ಹೆಸರೇ ಅಂಕಿತ. ತಂಡ ಒಡೆದರೆ ಸದಸ್ಯನು ಹೊಸದಾಗಿ ಹೆಸರು ಗಳಿಸಬೇಕು. 1970ರಲ್ಲಿ ಬೀಟಲ್ಸ್ ತಂಡ ಬೇರೆಯಾದಾಗ ನಾಲ್ವರೂ ಅದೇ ವರ್ಷ ಸ್ವಂತ ಆಲ್ಬಂ ತಂದರು. ಅವರು ಆಗಲೇ ಜಗತ್ಪ್ರಸಿದ್ಧರು. ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತೊಂಬತ್ತರ ದಶಕದ ಕೊನೆಯಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಡನೆ 'ಅಂತರಾಗ್ನಿ' ತಂಡ ಕಟ್ಟಿದರು. 2005ರ ಸುಮಾರಿಗೆ ಅದು ಚದುರಿತು. ಮುದ್ರಣ ಕಂಪನಿಗಳ ಬಾಗಿಲು ಬೇಗ ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಅವರ ಮೊದಲ ಆಲ್ಬಂ ಹೊರತಂದಿತು. ಎರಡು ವರ್ಷಗಳ ಬಳಿಕ ಬ್ರಿಟನ್ನಿನ ದೂರದರ್ಶನದಲ್ಲಿ ಹಾಡಿದಾಗ ಅಲ್ಲಿಯ ಕೇಳುಗರೂ ಅದನ್ನು ಮೆಚ್ಚಿ ಕೊಂಡರು.

ಆಲ್ಬಮಿನ ಮುಖಪುಟದಲ್ಲಿದ್ದುದು ಗಾಯಕನ ಸ್ವಂತ ಹೆಸರು. ಆದರೆ ಕನ್ನಡಿಗರ ಬಾಯಲ್ಲಿ ನಿಂತ ಅದರ ಎರಡು ಹಾಡುಗಳು, 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ', ಸಂತ ಶಿಶುನಾಳ ಷರೀಫರವು (1819–1889). ಅವರ ಅಂಕಿತ ಶಿಶುನಾಳಧೀಶ. ಗಿಟಾರಿನ ಜೊತೆ ಹಾಡಿದರೂ ಅವು ಷರೀಫರ ಪದಗಳಾಗಿಯೇ ಉಳಿದವು. ಹೊಸ ಗಾಯಕನಿಗೂ ಹೆಸರು ತಂದವು.